25 ದಾಟಿದೊಡನೆ ಪೆಡಲ್ ಭಾರ: ಇ-ಸೈಕಲ್ ಎಲ್ಲಿ ಹಿಡಿಯುತ್ತಿದೆ ಎಂದು ಪತ್ತೆ ಮಾಡುವ ಬಗೆ

ಕಾರವಾರದ ಕೋಡಿಬಾಗದಲ್ಲಾಗಲಿ, ಶಿರಸಿ ಪೇಟೆಯಲ್ಲಾಗಲಿ, ಇ-ಸೈಕಲ್ ಓಡಿಸುವವರ ದೂರು ಒಂದೇ ತರಹ: ಗಂಟೆಗೆ ಇಪ್ಪತ್ನಾಲ್ಕು ಕಿ.ಮೀ. ವೇಗದವರೆಗೆ ಸಲೀಸು, ಅದು ದಾಟಿದ ಕೂಡಲೇ ಪೆಡಲ್ ಕಲ್ಲಾಗುತ್ತದೆ. ಮೋಟಾರೇ ಹಿಡಿದು ನಿಲ್ಲಿಸುತ್ತಿದೆ ಎಂದುಕೊಂಡು ಹಲವರು ಹೊಸ ಕಂಟ್ರೋಲರ್‌ಗೆ (ಬ್ಯಾಟರಿಯಿಂದ ಮೋಟಾರಿಗೆ ಹೋಗುವ ವಿದ್ಯುತ್ತನ್ನು ಹತೋಟಿಯಲ್ಲಿಡುವ ಪೆಟ್ಟಿಗೆ) ದುಡ್ಡು ಸುರಿಯುತ್ತಾರೆ. ಅದಕ್ಕೆ ಮೊದಲು ಮಾಡಬಹುದಾದ ಪರೀಕ್ಷೆಗಳು ಬಹಳ ಇವೆ. ಬಹುಪಾಲು ಪರೀಕ್ಷೆಗಳಿಗೆ ಬೇಕಾದದ್ದು ಗಾಳಿ ಹೊಡೆಯುವ ಪಂಪು, 5 ಮಿ.ಮೀ. ಅಲೆನ್ ಕೀ ಮತ್ತು ಒಂದು ಹಗ್ಗ, ಅಷ್ಟೆ.

25ಕ್ಕೆ ಮೋಟಾರ್ ಕೈಬಿಡುವುದು ದೋಷವಲ್ಲ, ನಿಯಮ. ಕೇಂದ್ರ ಮೋಟಾರು ವಾಹನ ನಿಯಮಗಳ 2(ಯು) ಪ್ರಕಾರ, ಪೆಡಲ್ ಜೊತೆಗೆ ಮೋಟಾರ್ ಇರುವ ಸೈಕಲ್ ನೋಂದಣಿ, ಲೈಸೆನ್ಸ್ ಇಲ್ಲದೆ ಓಡಬೇಕಾದರೆ ಮೋಟಾರ್ ಸತತ ಮೂವತ್ತು ನಿಮಿಷ ಕೊಡಬಲ್ಲ ಶಕ್ತಿ 0.25 ಕಿಲೋವ್ಯಾಟ್‌ಗಿಂತ ಕಡಿಮೆ ಇರಬೇಕು. ವೇಗ ಏರಿದಂತೆ ಅದರ ನೆರವು ಹಂತಹಂತವಾಗಿ ಇಳಿದು, ಗಂಟೆಗೆ 25 ಕಿ.ಮೀ. ಮುಟ್ಟುವಾಗ ಪೂರ್ತಿ ನಿಲ್ಲಬೇಕು. ಇಲ್ಲಿ ‘ಹಂತಹಂತವಾಗಿ’ ಎಂಬುದನ್ನು ಗಮನಿಸಿ. ಒಳ್ಳೆಯ ಕಂಟ್ರೋಲರ್ 22–23ರಿಂದಲೇ ಮೆಲ್ಲಗೆ ಬಿಡುತ್ತಾ ಬರುತ್ತದೆ. ಅಗ್ಗದ್ದು 25ರವರೆಗೆ ಪೂರ್ತಿ ತಳ್ಳಿ, ಒಂದೇ ಏಟಿಗೆ ಬಿಡುತ್ತದೆ. ಇಂಥದ್ದರಲ್ಲಿ ಸೈಕಲ್ ಗೋಡೆಗೆ ತಾಗಿದ ಹಾಗಾಗುತ್ತದೆ, ಆದರೆ ಚಕ್ರವನ್ನು ಯಾವುದೂ ಹಿಡಿದಿರುವುದಿಲ್ಲ.

ಮೊದಲ ಪರೀಕ್ಷೆ: ಪವರ್ ಆಫ್ ಮಾಡಿ ತುಳಿಯಿರಿ

ಬೆಳಿಗ್ಗೆ ಏಳರೊಳಗೆ, ಗಾಳಿ ಏಳುವ ಮೊದಲು, ಏರಿಳಿತವಿಲ್ಲದ ಇನ್ನೂರು ಮೀಟರ್ ಡಾಂಬರು ರಸ್ತೆ ಹುಡುಕಿ. ಡಿಸ್‌ಪ್ಲೇ ಪೂರ್ತಿ ಆಫ್ ಮಾಡಿ. 12–15ರ ವೇಗದಲ್ಲಿ ತುಳಿಯಿರಿ, ನಂತರ ಕಾಲು ನಿಲ್ಲಿಸಿ ಉರುಳಲು ಬಿಡಿ. ಅದೇ ದಾರಿಯಲ್ಲಿ ತಿರುಗಿ ಬಂದು ಇನ್ನೊಮ್ಮೆ ಮಾಡಿ. ಕಣ್ಣಿಗೆ ಕಾಣದ ಇಳಿಜಾರು ಒಂದೇ ದಿಕ್ಕಿನಲ್ಲಿ ನೋಡಿದರೆ ಮೋಸ ಮಾಡುತ್ತದೆ.

ಆಫ್ ಇದ್ದಾಗ ಸೈಕಲ್ ಹಗುರವಾಗಿ, ದೂರ ಉರುಳಿದರೆ ಯಂತ್ರದಲ್ಲಿ ಹಿಡಿತವಿಲ್ಲ. ಕೆಳಗಿನ ಮೊದಲ ಎರಡು ಲಕ್ಷಣಗಳನ್ನಷ್ಟೇ ಓದಿದರೆ ಸಾಕು. ಡೈರೆಕ್ಟ್ ಡ್ರೈವ್ ಹಬ್ ಇದ್ದವರು ಮಾತ್ರ ‘ಚಕ್ರ ತಡೆದು ತಡೆದು ತಿರುಗುತ್ತದೆ’ ಎಂಬಲ್ಲಿ ಹೇಳಿದ ಸೆಟ್ಟಿಂಗನ್ನೂ ನೋಡಿ. ಆಫ್ ಇದ್ದಾಗಲೂ, ನಿಧಾನ ಹೋಗುವಾಗಲೂ ಭಾರವೆನಿಸಿದರೆ ಮೊದಲಿಂದಲೂ ಏನೋ ಹಿಡಿಯುತ್ತಲೇ ಇತ್ತು, ಮೋಟಾರ್ ಅದನ್ನು ಮುಚ್ಚಿಡುತ್ತಿತ್ತು ಎಂದರ್ಥ. ಬ್ಯಾಟರಿ ಮೊದಲಿಗಿಂತ ಬೇಗ ಇಳಿಯುತ್ತಿದ್ದರೆ ಅನುಮಾನವೇ ಬೇಡ.

ಲಕ್ಷಣ: ಆಫ್ ಇದ್ದಾಗ ಹಗುರ, 25 ದಾಟಿದರೆ ಮಾತ್ರ ಭಾರ

ಇದು ಹೆಚ್ಚಾಗಿ ಗಾಳಿಯ ತಡೆ. ಇದರ ಲೆಕ್ಕ ತಿಳಿದುಕೊಂಡರೆ ದುಡ್ಡು ಉಳಿಯುತ್ತದೆ. ಗಾಳಿ ಹಿಂದೆ ತಳ್ಳುವ ಬಲ ವೇಗದ ವರ್ಗದಂತೆ ಏರುತ್ತದೆ, ಅದನ್ನು ಎದುರಿಸಲು ಬೇಕಾದ ಶಕ್ತಿ ವೇಗದ ಘನದಂತೆ. ಸೈಕಲ್ ಸೇರಿ 95 ಕಿಲೋ ತೂಕ, ಬೆನ್ನು ನೇರ ಮಾಡಿ ಕುಳಿತ ಸವಾರ, ದಪ್ಪ ಟೈರು, ಗಾಳಿಯಿಲ್ಲದ ಸಮತಟ್ಟು ರಸ್ತೆ ಎಂದಿಟ್ಟುಕೊಂಡರೆ 20ರ ವೇಗಕ್ಕೆ ಸುಮಾರು 100 ವ್ಯಾಟ್ ಬೇಕು. 25ಕ್ಕೆ 170ರ ಆಸುಪಾಸು. 30ಕ್ಕೆ 260 ದಾಟುತ್ತದೆ. 24ರಲ್ಲಿ ಮೋಟಾರ್ ನೂರು ವ್ಯಾಟ್ ಕೊಡುತ್ತಿದ್ದರೆ ನಿಮ್ಮ ಕಾಲಿನ ಪಾಲು ಐವತ್ತು ಅರವತ್ತು ಅಷ್ಟೆ. ಮೋಟಾರ್ ಕೈಬಿಟ್ಟ ಆ ಕ್ಷಣದಲ್ಲಿ ನೂರೆಪ್ಪತ್ತೂ ಕಾಲಿನ ಮೇಲೆ ಬೀಳುತ್ತದೆ. ದಿನವೂ ವ್ಯಾಯಾಮ ಇಲ್ಲದವರಿಗೆ ಇದನ್ನು ಹತ್ತು ನಿಮಿಷ ನಿಭಾಯಿಸುವುದೂ ಕಷ್ಟ.

ಇದರ ಮೇಲೆ ನಮ್ಮ ಕರಾವಳಿಯ ಗಾಳಿ. ಮಧ್ಯಾಹ್ನದ ಮೇಲೆ ಕಡಲ ಕಡೆಯಿಂದ, ಪಶ್ಚಿಮ–ವಾಯವ್ಯದಿಂದ ಬೀಸುತ್ತದೆ. ಅಂಕೋಲಾದಿಂದ ಕಾರವಾರಕ್ಕೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಬರುವವರಿಗೆ ಅದು ಎದುರುಗಾಳಿ. ಕಾಳಿ ಸೇತುವೆಯ ಮೇಲಾಗಲಿ, ಹೊನ್ನಾವರದ ಶರಾವತಿ ಸೇತುವೆಯ ಮೇಲಾಗಲಿ ಮರೆ ಎಂಬುದೇ ಇಲ್ಲ. 10ರ ವೇಗದ ಎದುರುಗಾಳಿ ಇದ್ದರೆ 25ರಲ್ಲಿ ಹೋಗಲು ಬೇಕಾದ ಶಕ್ತಿ 170ರಿಂದ 280ಕ್ಕೆ ಏರುತ್ತದೆ. ಬೆಳಿಗ್ಗೆ ಸರಿಯಿದ್ದ ಸೈಕಲ್ ಸಂಜೆ ಸೇತುವೆಯ ಮೇಲೆ ಕೆಟ್ಟಿತು ಎನ್ನುವವರು ಮೊದಲು ಗಾಳಿಯ ದಿಕ್ಕು ನೋಡಲಿ.

ಇಲ್ಲಿ ಮಾಡಬೇಕಾದ್ದು ರಿಪೇರಿಯಲ್ಲ. ಸೀಟು ತೀರಾ ತಗ್ಗಾಗಿದ್ದರೆ ಏರಿಸಿ. ಪೆಡಲ್ ಕೆಳಗಿರುವಾಗ ಮೊಣಕಾಲು ಅಲ್ಪ ಮಾತ್ರ ಬಾಗಿರಬೇಕು. 22–23ರಲ್ಲೇ ಗೇರು ಸರಿಮಾಡಿಕೊಳ್ಳಿ. 27.5 ಇಂಚಿನ ಚಕ್ರ 25ರ ವೇಗದಲ್ಲಿ ನಿಮಿಷಕ್ಕೆ ಸುಮಾರು 194 ಸುತ್ತು ಹಾಕುತ್ತದೆ. ಮುಂದೆ 42 ಹಲ್ಲು, ಹಿಂದೆ 14 ಹಲ್ಲು ಇದ್ದರೆ ಕಾಲು ನಿಮಿಷಕ್ಕೆ 65 ಸಲ ತಿರುಗಬೇಕು. ಅಷ್ಟು ನಿಧಾನ ತಿರುಗಿಸುತ್ತಾ 170 ವ್ಯಾಟ್ ಹಾಕಿದರೆ ಮೊಣಕಾಲು ನೋಯುತ್ತದೆ. ಹಿಂದೆ 18 ಹಲ್ಲಿನದಕ್ಕೆ ಇಳಿಸಿದರೆ 83 ಸಲ. ಕೆಲಸ ಅಷ್ಟೇ ಆದರೂ ಪ್ರತಿ ತುಳಿತ ಹಗುರ. 28 ಹಲ್ಲಿನ ದೊಡ್ಡ ಗೇರಿನಲ್ಲೇ ಉಳಿದವರಿಗೆ 129 ಸಲ ತಿರುಗಿಸಬೇಕಾಗುತ್ತದೆ, ಕಾಲು ಬರೀ ಗಾಳಿಯಲ್ಲಿ ತಿರುಗಿದಂತಾಗಿ ವೇಗವೇ ಏರುವುದಿಲ್ಲ. ಎಲ್ಲಕ್ಕಿಂತ ಸುಲಭದ ದಾರಿ 22–23ರಲ್ಲೇ ಸಾಗುವುದು. ಕಾರವಾರದಿಂದ ಬಿಣಗಾವರೆಗಿನ ಐದಾರು ಕಿ.ಮೀ. ದೂರಕ್ಕೆ ಇದರಿಂದ ಕಳೆದುಕೊಳ್ಳುವುದು ಹೆಚ್ಚೆಂದರೆ ಎರಡು ಮೂರು ನಿಮಿಷ.

ಲಕ್ಷಣ: 25 ಬರುವ ಮೊದಲೇ, 20–22ಕ್ಕೇ ಮೋಟಾರ್ ಕೈಬಿಡುತ್ತದೆ

ಮೊಬೈಲಿನ ಜಿಪಿಎಸ್ ವೇಗವನ್ನೂ ಡಿಸ್‌ಪ್ಲೇ ವೇಗವನ್ನೂ ಹೋಲಿಸಿ ನೋಡಿ. ಡಿಸ್‌ಪ್ಲೇ ಹೆಚ್ಚು ತೋರಿಸಿದರೆ ಅದರೊಳಗಿನ ಚಕ್ರದ ಅಳತೆ ತಪ್ಪಿದೆ. 26 ಇಂಚಿನ ಚಕ್ರಕ್ಕೆ 29 ಎಂದು ಇಟ್ಟಿದ್ದರೆ, ಡಿಸ್‌ಪ್ಲೇ 25 ಎನ್ನುವಾಗ ನಿಜವಾದ ವೇಗ 22.4 ಮಾತ್ರ. ನೆರವು ಅಲ್ಲೇ ನಿಲ್ಲುತ್ತದೆ. ಬ್ಯಾಟರಿ ಬದಲಿಸಿದಾಗ, ಡಿಸ್‌ಪ್ಲೇ ರೀಸೆಟ್ ಆದಾಗ ಹೀಗಾಗುತ್ತದೆ. ಸೆಟ್ಟಿಂಗ್‌ನಲ್ಲಿ ಸರಿಯಾದ ಅಳತೆ ಹಾಕಿದರೆ ಮುಗಿಯಿತು.

ಜಿಪಿಎಸ್ ಮತ್ತು ಡಿಸ್‌ಪ್ಲೇ ತಾಳೆಯಾದರೆ ಬ್ಯಾಟರಿಯ ಕಡೆ ನೋಡಿ. 36 ವೋಲ್ಟ್ ಬ್ಯಾಟರಿ ಪೂರ್ತಿ ಚಾರ್ಜ್ ಆದಾಗ 42 ವೋಲ್ಟ್ ಇರುತ್ತದೆ, ಖಾಲಿಯಾಗುತ್ತಾ 30ರ ಹತ್ತಿರಕ್ಕೆ ಇಳಿಯುತ್ತದೆ. ಹಬ್ ಮೋಟಾರ್ (ಚಕ್ರದ ನಡುವಿನ ಡಬ್ಬಿಯೊಳಗೇ ಇರುವ ಮೋಟಾರ್) ತಿರುಗಬಲ್ಲ ಗರಿಷ್ಠ ವೇಗ ವೋಲ್ಟೇಜಿನ ಜೊತೆಯಲ್ಲೇ ಇಳಿಯುತ್ತದೆ. 42 ವೋಲ್ಟ್‌ನಲ್ಲಿ ಚಕ್ರ ಎತ್ತಿ ಬಿಟ್ಟಾಗ 28 ತಲುಪುವ ಮೋಟಾರ್, 36 ವೋಲ್ಟ್‌ನಲ್ಲಿ 24 ಮಾತ್ರ ತಲುಪುತ್ತದೆ. ಸವಾರ ಕುಳಿತ ಮೇಲೆ 21–22ರಿಂದಲೇ ಅದರ ತಳ್ಳುವಿಕೆ ಕರಗುತ್ತದೆ. ಪೂರ್ತಿ ಚಾರ್ಜ್ ಮಾಡಿ ಅದೇ ರಸ್ತೆಯಲ್ಲಿ ಓಡಿಸಿ. ಆಗ ಸರಿಹೋದರೆ ಇದೇ ಕಾರಣ. ಪೂರ್ತಿ ಚಾರ್ಜ್ ಆದ ಮೇಲೂ ಮೂರ್ನಾಲ್ಕು ಕಿ.ಮೀ. ಒಳಗೆ ಹೀಗಾದರೆ ಬ್ಯಾಟರಿಯ ಸೆಲ್‌ಗಳು ಸೋತಿವೆ. ಭಾರ ಬಿದ್ದಾಗ ವೋಲ್ಟೇಜ್ ಎಷ್ಟು ಕುಸಿಯುತ್ತದೆ ಎಂದು ಅಂಗಡಿಯಲ್ಲಿ ಅಳೆಸಿ.

ಇನ್ನೊಂದು ಕಾರಣವನ್ನು ಹೆಚ್ಚಿನವರು ಮರೆಯುತ್ತಾರೆ: ಬ್ರೇಕ್ ಹಿಡಿಕೆಯೊಳಗಿನ ಕಟ್-ಆಫ್ ಸ್ವಿಚ್. ಹಿಡಿಕೆ ಎಳೆದಾಗ ಮೋಟಾರ್ ನಿಲ್ಲಿಸುವುದು ಇದರ ಕೆಲಸ. ಉಪ್ಪುಗಾಳಿಗೆ ಕೇಬಲ್ ಕವಚದೊಳಗೆ ತುಕ್ಕು ಹಿಡಿದು ಹಿಡಿಕೆ ಪೂರ್ತಿ ಹಿಂದೆ ಬರದಿದ್ದರೆ, ಗುಂಡಿ ಬಿದ್ದ ರಸ್ತೆಯ ಕುಲುಕಾಟಕ್ಕೆ ಸ್ವಿಚ್ ಆಗಾಗ ಕಟ್ ಮಾಡುತ್ತದೆ. ಮೋಟಾರ್ ನಿಲ್ಲುವುದೂ, ಬ್ರೇಕ್ ಸವರುವುದೂ ಒಟ್ಟಿಗೇ ಆಗುವುದರಿಂದ ಮೋಟಾರೇ ಹಿಡಿಯಿತು ಎಂದು ಖಂಡಿತ ಅನಿಸುತ್ತದೆ. ಹಿಡಿಕೆಯನ್ನು ಬೆರಳಿನಿಂದ ಹೊರಕ್ಕೆ ತಳ್ಳಿ ಹಿಡಿದು ಓಡಿಸಿದಾಗ ನೆರವು ಮರಳಿದರೆ ಕೇಬಲ್ ಮತ್ತು ಕವಚ ಎರಡನ್ನೂ ಬದಲಿಸಿ. ಸ್ವಿಚ್ಚಿನ ವೈರ್ ಕಿತ್ತುಹಾಕಿ ಓಡಿಸುವ ಉಪಾಯ ಬೇಡ, ಬ್ರೇಕ್ ಹಿಡಿದಾಗಲೂ ಮೋಟಾರ್ ಮುಂದಕ್ಕೆ ತಳ್ಳುತ್ತಿರುತ್ತದೆ.

ಲಕ್ಷಣ: ಆಫ್ ಇದ್ದಾಗಲೂ, ನಿಧಾನ ಹೋದರೂ ಭಾರ

ಟೈರಿನಿಂದ ಶುರುಮಾಡಿ. ಹೆಬ್ಬೆರಳಿನಿಂದ ಒತ್ತಿ ನೋಡುವುದು ಸಾಲದು, ಗೇಜ್ ಇರುವ ಪಂಪಿನಿಂದ ಅಳೆಯಿರಿ. ಟೈರಿನ ಪಕ್ಕದಲ್ಲಿ ಕನಿಷ್ಠ–ಗರಿಷ್ಠ ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಅಚ್ಚಾಗಿರುತ್ತದೆ. ಇ-ಸೈಕಲ್ ತೂಕ ಹೆಚ್ಚಿರುವುದರಿಂದ ಹಿಂದಿನ ಟೈರಿಗೆ ಆ ಎರಡರ ನಡುವಿನಿಂದ ಮೇಲಕ್ಕೆ ಇರಲಿ, ಗರಿಷ್ಠ ಮಾತ್ರ ದಾಟಬೇಡಿ. ಪಂಕ್ಚರ್ ಇಲ್ಲದಿದ್ದರೂ ಟ್ಯೂಬಿನ ಗಾಳಿ ವಾರವಾರವೂ ಸ್ವಲ್ಪ ಇಳಿಯುತ್ತದೆ. ಹದಿನೈದು ದಿನಕ್ಕೊಮ್ಮೆ ಗಾಳಿ ಹೊಡೆಯುವ ಅಭ್ಯಾಸವೊಂದೇ ಅರ್ಧ ದೂರುಗಳನ್ನು ತೀರಿಸುತ್ತದೆ ಎಂಬುದು ನಮ್ಮ ನಂಬಿಕೆ.

ಮುಂದೆ ಚಕ್ರವನ್ನು ನೆಲದಿಂದ ಎತ್ತಿ ತಿರುಗಿಸಿ ನೋಡಬೇಕು. ಬ್ಯಾಟರಿ ತೆಗೆದಿಡಿ. ಸೈಕಲ್ ತಲೆಕೆಳಗೆ ನಿಲ್ಲಿಸಿದರೆ ಡಿಸ್‌ಪ್ಲೇಗೂ ಹಿಡಿಕೆಯ ಸ್ವಿಚ್‌ಗೂ ಪೆಟ್ಟು. ಆಯಿಲ್ ಬ್ರೇಕ್ ಆದರೆ ಒಳಗೆ ಗಾಳಿಗುಳ್ಳೆ ಸೇರಬಹುದು. ಅಡಿಕೆ ಒಣಗಿಸುವ ಚಪ್ಪರದ ಗಳಕ್ಕೋ, ಮಾಡಿನ ತೊಲೆಗೋ ಹಗ್ಗ ಹಾಕಿ ಸೀಟಿನಿಂದ ತೂಗುಹಾಕುವುದೇ ಒಳ್ಳೆಯದು. ಚಕ್ರ ತಿರುಗುವಾಗ ಬೆರಳು ಡಿಸ್ಕಿನ ಹತ್ತಿರ ಹೋಗದಿರಲಿ. ಡಿಸ್ಕಿನ ತೂತುಗಳು ಬೆರಳು ಕತ್ತರಿಸುವಷ್ಟು ಹರಿತ.

ಮೊದಲು ಮುಂದಿನ ಚಕ್ರ ತಿರುಗಿಸಿ. ಅದು ಮೆಲ್ಲಗೆ ನಿಧಾನವಾಗಿ, ನಿಲ್ಲುವ ಮುನ್ನ ಸ್ವಲ್ಪ ಹಿಂದೆ ತೂಗಿ, ಭಾರದ ಬದಿ ಕೆಳಗೆ ಬಂದು ನಿಂತರೆ ಬೇರಿಂಗ್, ಬ್ರೇಕ್ ಎರಡೂ ಸರಿ. ಪ್ರತಿ ಸುತ್ತಿನಲ್ಲೂ ಒಂದೇ ಜಾಗದಲ್ಲಿ ‘ಚಿರ್’ ಎಂದರೆ ಡಿಸ್ಕ್ ಬಾಗಿದೆ. ಸುತ್ತಿನುದ್ದಕ್ಕೂ ಸವರಿದರೆ ಪ್ಯಾಡ್ ಹತ್ತಿರವಿದೆ. ಗಕ್ಕನೆ ನಿಂತರೆ ಬ್ರೇಕ್ ಬಿಟ್ಟೇ ಇಲ್ಲ. ಹಿಂದಿನ ಚಕ್ರವನ್ನೂ ಹಾಗೇ ನೋಡಿ. ಗೇರ್ ಇರುವ ಹಬ್ ಮೋಟಾರ್ ಆದರೆ ಅದು ಮುಂದಿನದಕ್ಕಿಂತ ಬೇಗ ನಿಲ್ಲುತ್ತದೆ, ಹಿಂದೆ ತೂಗುವುದೂ ಇಲ್ಲ. ಇದು ಸಹಜ, ಕಾರಣ ಮುಂದೆ ಹೇಳಿದೆ.

ಪ್ಯಾಡ್ ಸವರುತ್ತಿದ್ದರೆ ಕ್ಯಾಲಿಪರನ್ನು (ಪ್ಯಾಡ್‌ಗಳು ಕೂತಿರುವ ಬ್ರೇಕಿನ ಭಾಗ) ಫ್ರೇಮಿಗೆ ಹಿಡಿದಿರುವ ಎರಡು ಬೋಲ್ಟ್‌ಗಳನ್ನು 5 ಮಿ.ಮೀ. ಅಲೆನ್ ಕೀಯಿಂದ ಅರ್ಧ ಸುತ್ತು ಸಡಿಲಿಸಿ, ಬ್ರೇಕ್ ಹಿಡಿಕೆ ಗಟ್ಟಿಯಾಗಿ ಎಳೆದುಕೊಂಡೇ ಎರಡನ್ನೂ ಸ್ವಲ್ಪ ಸ್ವಲ್ಪವಾಗಿ ಬಿಗಿಮಾಡಿ. ಕೇಬಲ್ ಡಿಸ್ಕ್ ಬ್ರೇಕುಗಳಲ್ಲಿ ಸಾಮಾನ್ಯವಾಗಿ ಒಂದು ಬದಿಯ ಪ್ಯಾಡ್ ಮಾತ್ರ ಚಲಿಸುತ್ತದೆ. ಚಲಿಸದ ಬದಿಯ ತಿರುಪನ್ನು ಡಿಸ್ಕಿಗೆ ತಾಗದಷ್ಟು ಹತ್ತಿರಕ್ಕೆ ತರಬೇಕು, ದೂರ ಮಾಡಿದರೆ ಹಿಡಿದಾಗಲೆಲ್ಲ ಡಿಸ್ಕ್ ಬಾಗುತ್ತದೆ. ಶಿರಸಿ, ಸಿದ್ದಾಪುರದ ಕಡೆ ಮಳೆಗಾಲದ ಕೆಂಪು ಮಣ್ಣು ಪ್ಯಾಡಿಗೂ ಕ್ಯಾಲಿಪರಿಗೂ ನಡುವೆ ಮೆತ್ತಿ ಒಣಗಿ ಗಟ್ಟಿಯಾಗುತ್ತದೆ. ಅದನ್ನು ನೀರಿನಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಶ್‌ನಿಂದ ತೆಗೆಯಿರಿ. ಡಿಸ್ಕಿನ ಸದ್ದು ಅಡಗಿಸಲು ಎಣ್ಣೆ ಹಾಕುವವರಿದ್ದಾರೆ. ಒಂದು ಹನಿ ಬಿದ್ದರೂ ಆ ಪ್ಯಾಡ್ ಮುಗಿಯಿತು, ಬ್ರೇಕ್ ಹಿಡಿಯುವುದಿಲ್ಲ. ದೇವಿಮನೆ ಘಟ್ಟ ಇಳಿಯುವವರು ಬ್ರೇಕ್ ಮುಟ್ಟಿದ ಮೇಲೆ ಮೊದಲು ಸಮತಟ್ಟಿನಲ್ಲಿ ನಾಲ್ಕೈದು ಸಲ ಜೋರಾಗಿ ಹಿಡಿದು ನೋಡದೆ ಇಳಿಯಬಾರದು.

ಚೈನು ಕೆಂಪಾಗಿದ್ದರೆ, ಕೊಂಡಿಗಳು ಬಾಗದೆ ಸೆಟೆದಿದ್ದರೆ, ಅದೂ ಭಾರವೇ. 12 ಪೂರ್ತಿ ಕೊಂಡಿಗಳ (ಒಳಗಿನದು, ಹೊರಗಿನದು ಸೇರಿ ಒಂದು) ಉದ್ದ ಹೊಸದರಲ್ಲಿ 304.8 ಮಿ.ಮೀ. ಸ್ಕೇಲಿಟ್ಟು ಅಳೆದಾಗ 306 ದಾಟಿದ್ದರೆ ಎಣ್ಣೆ ಹಾಕುತ್ತಾ ಕೂರದೆ ಬದಲಿಸಿ, ಇಲ್ಲದಿದ್ದರೆ ಹಿಂದಿನ ಹಲ್ಲುಗಳನ್ನೂ ತಿಂದುಹಾಕುತ್ತದೆ.

ಲಕ್ಷಣ: ಪಂಕ್ಚರ್ ಹಾಕಿಸಿ ತಂದ ಮೇಲೆ ಶುರುವಾದ ಭಾರ

ಈ ಲಕ್ಷಣ ಕಂಡರೆ ಬೇರೇನನ್ನೂ ಮುಟ್ಟದೆ ಹಿಂದಿನ ಎಕ್ಸೆಲ್ (ಚಕ್ರದ ನಡುವಿನ ಅಚ್ಚು) ನೋಡಿ. ಮೋಟಾರ್ ಇರುವ ಚಕ್ರದ ಎಕ್ಸೆಲ್ ದುಂಡಗಿರುವುದಿಲ್ಲ, ಎರಡು ಬದಿ ಚಪ್ಪಟೆ. ಚಕ್ರವನ್ನು ಮುಂದಕ್ಕೆ ತಳ್ಳುವಾಗ ಮೋಟಾರ್ ಎಕ್ಸೆಲನ್ನು ಹಿಂದಕ್ಕೆ ತಿರುಗಿಸಲು ಹೊರಡುತ್ತದೆ. ಆ ಚಪ್ಪಟೆ ಬದಿಗಳೂ, ಹಲ್ಲು ಇರುವ ದಪ್ಪ ವಾಶರ್ರೂ ಅದನ್ನು ತಡೆದಿಡುತ್ತವೆ. ಅವಸರದಲ್ಲಿ ಚಕ್ರ ಕೂರಿಸುವಾಗ ವಾಶರ್ ಹೊರಗಿನದು ಒಳಗಾದರೆ, ಹಲ್ಲು ಫ್ರೇಮಿನ ಸೀಳಿನಲ್ಲಿ ಕೂರದಿದ್ದರೆ, ನಟ್ಟು ಸಡಿಲ ಉಳಿದರೆ, ಎಕ್ಸೆಲ್ ಸುತ್ತಿಕೊಂಡು ಅದರ ತೂತಿನಿಂದ ಹೊರಬರುವ ವೈರನ್ನು ಹಿಂಡಿಬಿಡುತ್ತದೆ.

ಬೆಳಕು ಹಿಡಿದು ನೋಡಿ: ವೈರ್ ಎಕ್ಸೆಲ್‌ನಿಂದ ಹೊರಬಂದು ಕೆಳಕ್ಕೆ ಒಂದು ಬಳಸು ಬಳಸಿ, ಆಮೇಲೆ ಮೇಲೇರಬೇಕು. ನೇರ ಮೇಲಕ್ಕೆ ಹೋಗಿದ್ದರೆ ಮಳೆನೀರು ವೈರಿನಗುಂಟ ಹರಿದು ಹಬ್ಬಿನೊಳಗೆ ಇಳಿಯುತ್ತದೆ. ವೈರಿನ ಕಪ್ಪು ಹೊದಿಕೆ ತಿರುಚಿದ್ದರೆ, ಎಕ್ಸೆಲ್ ಅಂಚಿನಲ್ಲಿ ಕೊಯ್ದಿದ್ದರೆ, ಒಳಗಿನ ತಾಮ್ರ ಹಸಿರಾಗಿ ಕಂಡರೆ ಸೈಕಲ್ ಅಲ್ಲೇ ನಿಲ್ಲಿಸಿ, ಬ್ಯಾಟರಿ ತೆಗೆಯಿರಿ.

ವೈರ್ ಸರಿಯಿದ್ದರೆ ನಟ್ಟು ಸಡಿಲಿಸಿ, ಚಕ್ರವನ್ನು ಸೀಳಿನ ತುದಿಯವರೆಗೆ ನೂಕಿ, ರಿಮ್ ಎರಡು ಕಡೆಗೂ ಸಮ ಇದೆಯೇ ನೋಡಿ ಬಿಗಿಮಾಡಿ. ಇಂಥ ನಟ್ಟುಗಳಿಗೆ 35–40 ನ್ಯೂಟನ್ ಮೀಟರ್ ಬಿಗಿ ಬೇಕು, ಎಂದರೆ ಅಂಗೈ ಉದ್ದದ ಸ್ಪ್ಯಾನರಿಗೆ ಬಗ್ಗದು, ಒಂದಡಿಯ ಸ್ಪ್ಯಾನರೇ ಬೇಕು. ನಂತರ ಬ್ರೇಕ್ ಕ್ಯಾಲಿಪರನ್ನು ಇನ್ನೊಮ್ಮೆ ಸರಿಮಾಡಿ. ಚಕ್ರ ಕೂದಲೆಳೆಯಷ್ಟು ಸರಿದರೂ ಡಿಸ್ಕ್ ಪ್ಯಾಡಿಗೆ ತಾಗುತ್ತದೆ. ಪಂಕ್ಚರ್ ನಂತರದ ಭಾರಕ್ಕೆ ಮುಖ್ಯ ಕಾರಣ ಇದೇ.

ಲಕ್ಷಣ: ಚಕ್ರ ತಡೆದು ತಡೆದು ತಿರುಗುತ್ತದೆ

ನಿಮ್ಮ ಹಬ್ ಯಾವ ಜಾತಿಯದು ಎಂದು ಮೊದಲು ತಿಳಿಯಿರಿ. ಚಕ್ರದ ನಡುವಿನ ಡಬ್ಬಿ ಅಂಗೈಗಿಂತ ಸ್ವಲ್ಪ ದೊಡ್ಡದು, 12–15 ಸೆಂ.ಮೀ. ಅಗಲವಿದ್ದರೆ ಸಾಮಾನ್ಯವಾಗಿ ಗೇರ್ ಹಬ್. ಇಲ್ಲಿ ಮಾರಾಟವಾಗುವ 250 ವ್ಯಾಟ್ ಇ-ಸೈಕಲ್‌ಗಳಲ್ಲಿ ಹೆಚ್ಚಿನವು ಇದೇ. ಊಟದ ತಟ್ಟೆಯಷ್ಟು ಅಗಲ, 20 ಸೆಂ.ಮೀ. ಮೀರಿದ್ದರೆ ಡೈರೆಕ್ಟ್ ಡ್ರೈವ್.

ಗೇರ್ ಹಬ್ಬಿನೊಳಗೆ ಒಂದು ದಿಕ್ಕಿಗೆ ಮಾತ್ರ ಹಿಡಿಯುವ ಕ್ಲಚ್ ಇರುತ್ತದೆ. ಮೋಟಾರಿಗಿಂತ ಚಕ್ರ ವೇಗವಾಗಿ ಮುಂದೆ ತಿರುಗಿದರೆ ಕ್ಲಚ್ ಬಿಡುತ್ತದೆ, ಮೋಟಾರ್ ನಿಂತೇ ಇರುತ್ತದೆ. ಚಕ್ರವನ್ನು ಹಿಂದಕ್ಕೆ ತಿರುಗಿಸಿದರೆ ಕ್ಲಚ್ ಹಿಡಿದು, ಒಳಗಿನ ಗೇರುಗಳೂ ಮೋಟಾರೂ ತಿರುಗಲೇಬೇಕು. ಹಿಂದಕ್ಕೆ ತಳ್ಳುವಾಗ ಗುರ್‍ ಎಂದು ಭಾರವಾಗುವುದು ಇದರಿಂದ. ಕಂಪೌಂಡಿನೊಳಗೆ ಸೈಕಲ್ ಹಿಂದೆ ಸರಿಸುವಾಗಿನ ಭಾರ ದೋಷವಲ್ಲ.

ಇದರಿಂದ ಬರುವ ತೀರ್ಮಾನ ಮುಖ್ಯ. ಗೇರ್ ಹಬ್ಬಿನ ಕ್ಲಚ್ ಸರಿಯಿದ್ದರೆ, 25 ದಾಟಿ ಮುಂದಕ್ಕೆ ಹೋಗುವಾಗ ಮೋಟಾರಿಗಾಗಲಿ ಕಂಟ್ರೋಲರ್‌ಗಾಗಲಿ ನಿಮ್ಮನ್ನು ಹಿಡಿಯಲು ದಾರಿಯೇ ಇಲ್ಲ. ಕಂಟ್ರೋಲರ್ ಸುಟ್ಟು ಶಾರ್ಟ್ ಆಗಿದ್ದರೂ ಮುಂದಕ್ಕೆ ಚಕ್ರ ಹಗುರವಾಗಿಯೇ ಉರುಳುತ್ತದೆ. ಆದ್ದರಿಂದ ಗೇರ್ ಹಬ್ ಸೈಕಲ್ ಮುಂದಕ್ಕೆ ಭಾರವಾಗಿದೆ ಎಂಬ ಒಂದೇ ಕಾರಣಕ್ಕೆ ಕಂಟ್ರೋಲರ್ ಬದಲಿಸಲು ಯಾರೇ ಹೇಳಿದರೂ ಒಪ್ಪಬೇಡಿ. ಬ್ರೇಕ್, ಬೇರಿಂಗ್ ಎರಡೂ ಸರಿಯಿದ್ದು, ಚಕ್ರ ಮುಂದಕ್ಕೂ ಹಿಂದಕ್ಕೂ ಒಂದೇ ರೀತಿ ಗುರುಗುಟ್ಟುತ್ತಾ ಭಾರವಾಗಿ ತಿರುಗಿದರೆ ಕ್ಲಚ್ ಜಾಮ್ ಆಗಿದೆ. ನೀರು ಹೊಕ್ಕು ತುಕ್ಕು ಹಿಡಿಯುವುದು, ಹಳೆಯ ಗ್ರೀಸ್ ಅಂಟಾಗುವುದು ಇದಕ್ಕೆ ಕಾರಣ. ಹಬ್ ಬಿಚ್ಚಿಸಲೇಬೇಕು.

ಡೈರೆಕ್ಟ್ ಡ್ರೈವ್‌ನಲ್ಲಿ ಕ್ಲಚ್ ಇಲ್ಲ. ಒಳಗಿನ ಅಯಸ್ಕಾಂತಗಳು ಸದಾ ಚಕ್ರದ ಜೊತೆಗೇ ತಿರುಗುತ್ತವೆ, ಬೆರಳಿನಿಂದ ಮೆಲ್ಲಗೆ ತಿರುಗಿಸಿದರೆ ಸಣ್ಣ ತಡೆಗಳು ಕೈಗೆ ಗೊತ್ತಾಗುತ್ತವೆ. ವೇಗ ಏರಿದಂತೆ ಕಬ್ಬಿಣದ ಪದರಗಳಲ್ಲಿ ಶಕ್ತಿ ಸೋರಿ ಸ್ವಲ್ಪ ಭಾರ ಇದ್ದೇ ಇರುತ್ತದೆ. ಇಂಥ ಸೈಕಲ್‌ನಲ್ಲಿ ಬ್ರೇಕ್ ಹಿಡಿದಾಗ ಬ್ಯಾಟರಿಗೆ ಮರಳಿ ಚಾರ್ಜ್ ಕೊಡುವ ಸೆಟ್ಟಿಂಗ್ ಇದ್ದು, ಅದು ವೇಗಮಿತಿಗೂ ಅನ್ವಯಿಸುವಂತಿದ್ದರೆ 25ರಲ್ಲಿ ನಿಜವಾಗಿಯೂ ಹಿಡಿಯುತ್ತದೆ. ಸೆಟ್ಟಿಂಗ್ ಆಫ್ ಮಾಡಿ ನೋಡಿ. ಪವರ್ ಆಫ್ ಇದ್ದರೂ ಜಿಗಿಜಿಗಿ ಎಂದು ಬಲವಾಗಿ ತಡೆದರೆ ಶಾರ್ಟ್ ಇದೆ.

ಶಾರ್ಟ್ ಎಲ್ಲಿದೆ ಎಂದು ತಿಳಿಯಲು ಮೀಟರ್ ಬೇಕಿಲ್ಲ. ಬ್ಯಾಟರಿ ತೆಗೆದು, ಕಂಟ್ರೋಲರ್ ಒಳಗೆ ವಿದ್ಯುತ್ ಹಿಡಿದಿಡುವ ಕೆಪಾಸಿಟರ್ ಖಾಲಿಯಾಗಲು ಪವರ್ ಬಟನ್ ಒಮ್ಮೆ ಒತ್ತಿ ಕೆಲವು ನಿಮಿಷ ಬಿಡಿ. ಹಿಂದಿನ ಚಕ್ರದಿಂದ ಬರುವ ಮೋಟಾರ್ ವೈರಿನ ಕನೆಕ್ಟರನ್ನು ನೇರವಾಗಿ ಎಳೆದು ಬಿಡಿಸಿ. ತಿರುಚಿದರೆ ಒಳಗಿನ ಸಣ್ಣ ಪಿನ್ನುಗಳು ಬಾಗುತ್ತವೆ. ಮತ್ತೆ ಜೋಡಿಸುವಾಗ ಎರಡು ಬದಿಯ ಬಾಣದ ಗುರುತು ಎದುರುಬದುರು ಬರಬೇಕು. ಬಿಡಿಸಿದ ಮೇಲೆ ಚಕ್ರ ಹಗುರವಾದರೆ ದೋಷ ಕಂಟ್ರೋಲರಿನದು, ಆಗ ಬದಲಿಸಿ. ಹಾಗೇ ತಡೆದರೆ ಎಕ್ಸೆಲ್ ಹತ್ತಿರದ ವೈರ್ ಅಥವಾ ಮೋಟಾರಿನ ಸುರುಳಿ. ಗೇರ್ ಹಬ್ಬಿನಲ್ಲಿ ಇದೇ ಪರೀಕ್ಷೆಯನ್ನು ಚಕ್ರ ಹಿಂದಕ್ಕೆ ತಿರುಗಿಸುತ್ತಾ ಮಾಡಬೇಕು.

ಮೀಟರ್ ಇದ್ದವರಿಗೆ ಒಂದು ಎಚ್ಚರಿಕೆ: ಮೋಟಾರಿನ ಮೂರು ದಪ್ಪ ವೈರುಗಳ ನಡುವೆ ಸಾದಾ ಮಲ್ಟಿಮೀಟರ್ ಯಾವಾಗಲೂ ಸೊನ್ನೆಯ ಹತ್ತಿರವೇ ತೋರಿಸುತ್ತದೆ, ಸುರುಳಿಯ ತಡೆ ಒಂದು ಓಮ್‌ಗಿಂತ ಕಡಿಮೆ. ಅದನ್ನೇ ಶಾರ್ಟ್ ಎಂದುಕೊಂಡು ಒಳ್ಳೆಯ ಮೋಟಾರ್ ಎಸೆಯಬೇಡಿ. ನೋಡಬೇಕಾದ್ದು ಆ ಮೂರರಲ್ಲಿ ಯಾವುದಾದರೂ ಎಕ್ಸೆಲ್ ಲೋಹಕ್ಕೆ ತಾಗಿದೆಯೇ ಎಂಬುದು. ತಾಗಿರಲೇಬಾರದು. ಕಂಟ್ರೋಲರ್ ಬದಿಯಲ್ಲಿ ಆ ಮೂರು ವೈರುಗಳಿಂದ ಬ್ಯಾಟರಿಯ ಕೆಂಪು, ಕಪ್ಪು ವೈರುಗಳಿಗೆ ಅಳೆದಾಗ ಮೂರರ ಅಳತೆಯೂ ಸಮ ಇರಬೇಕು. ಒಂದು ಮಾತ್ರ ಸೊನ್ನೆ ತೋರಿದರೆ ಅದರ ಮಾಸ್ಫೆಟ್ (ಕಂಟ್ರೋಲರ್ ಒಳಗಿನ ಎಲೆಕ್ಟ್ರಾನಿಕ್ ಸ್ವಿಚ್) ಸುಟ್ಟಿದೆ.

ಲಕ್ಷಣ: ಚಕ್ರ ಹಗುರ, ಪೆಡಲೇ ಭಾರ

ಚೈನನ್ನು ಮುಂದಿನ ಹಲ್ಲುಚಕ್ರದಿಂದ ಕೆಳಗಿಳಿಸಿ ಕ್ರ್ಯಾಂಕ್ (ಪೆಡಲ್ ಕೂತಿರುವ ತೋಳು) ಕೈಯಲ್ಲಿ ತಿರುಗಿಸಿ. ಗರಗರ ಎಂದರೆ ಪೆಡಲ್ ನಡುವಿನ ಬೇರಿಂಗ್ ಹೋಗಿದೆ. ಸರ್ ಸರ್ ಎಂದು ಸವರಿದರೆ ಕ್ರ್ಯಾಂಕ್ ಪಕ್ಕದ ಅಯಸ್ಕಾಂತದ ಬಿಲ್ಲೆ ಸರಿದು, ಪೆಡಲ್ ತಿರುಗುವುದನ್ನು ಗುರುತಿಸುವ ಸೆನ್ಸರಿಗೆ ತಾಗುತ್ತಿದೆ. ಬಿಲ್ಲೆಯನ್ನು ಬೆರಳಿನಿಂದ ಹಿಂದೆ ತಳ್ಳಿ ಎರಡು ಮೂರು ಮಿ.ಮೀ. ಅಂತರ ಬಿಡಿ. ಮೋಟಾರ್ ಪೆಡಲ್ ನಡುವೆಯೇ ಇರುವ ಸೈಕಲ್ ಆದರೆ, ಹಳೆಯ ಕೆಲವು ಮಾದರಿಗಳಲ್ಲಿ 25ರ ಮೇಲೆ ಒಳಗಿನ ಗೇರುಗಳು ಕಾಲಿನ ಜೊತೆ ತಿರುಗುವುದರಿಂದ ಸ್ವಲ್ಪ ಭಾರ ಹುಟ್ಟಿನಿಂದಲೇ ಇರುತ್ತದೆ. ಇತ್ತೀಚೆಗೆ ಹೆಚ್ಚಿದ್ದರೆ ಮಾತ್ರ ಚಿಂತಿಸಿ, ಆ ಮೋಟಾರನ್ನು ಮನೆಯಲ್ಲಿ ಬಿಚ್ಚಬೇಡಿ.

ಲಕ್ಷಣ: ಮಳೆಗಾಲ ಕಳೆದ ಮೇಲೆ ಗರಗರ ಸದ್ದು, ದಿನದಿನಕ್ಕೂ ಭಾರ

ಚಕ್ರವನ್ನು ಮೆಲ್ಲಗೆ ತಿರುಗಿಸುತ್ತಾ ಇನ್ನೊಂದು ಕೈಯನ್ನು ಫ್ರೇಮಿನ ಮೇಲೆ, ಎಕ್ಸೆಲ್ ಹತ್ತಿರ ಇಡಿ. ಬೇರಿಂಗ್ ತುಕ್ಕು ಹಿಡಿದಿದ್ದರೆ ಮರಳು ಅರೆದಂಥ ಕಂಪನ ಅಂಗೈಗೆ ಬರುತ್ತದೆ. ರಿಮ್ಮನ್ನು ಎಡ–ಬಲಕ್ಕೆ ಅಲುಗಿಸಿ ನೋಡಿ, ಆಟ ಇದ್ದರೆ ಬೇರಿಂಗ್ ಸವೆದಿದೆ. ಹಬ್ ಅಲುಗಿಸಿದಾಗ ಒಳಗೆ ನೀರು ಕುಲುಕಿದರೆ, ಎಕ್ಸೆಲ್ ಬಳಿ ಕಂದು ರಸ ಒಸರಿದರೆ ನೀರು ಹೊಕ್ಕಿದೆ. ಟಾಗೋರ್ ಕಡಲತೀರದ ಒದ್ದೆ ಮರಳಿನಲ್ಲಿ ಓಡಿಸಿದವರ, ಮನೆಯಲ್ಲಿ ಪ್ರೆಶರ್ ಗನ್‌ನಿಂದ ತೊಳೆದವರ ಸೈಕಲ್‌ಗಳಲ್ಲಿ ಇದು ಬೇಗ ಬರುತ್ತದೆ. ಉಪ್ಪುನೀರು ತಾಗಿದ ದಿನವೇ ತಂಬಿಗೆಯಲ್ಲಿ ಸಿಹಿನೀರು ಹೊಯ್ದು ತೊಳೆದು, ಬಟ್ಟೆಯಿಂದ ಒರೆಸಿ, ಚೈನಿಗೆ ಎಣ್ಣೆ ಹಾಕಿ. ಎಕ್ಸೆಲ್ ಕಡೆಗೆ ಜೋರಾಗಿ ನೀರು ಹಾಯಿಸಬೇಡಿ.

ಬೇರಿಂಗ್ ಬದಲಿಸಲು ಹಬ್ಬಿನ ಮುಚ್ಚಳ ತೆಗೆಯಬೇಕು, ಹಳೆಯ ಬೇರಿಂಗಿನ ಅಂಚಿನಲ್ಲಿ ಕೊರೆದಿರುವ ನಂಬರಿನದನ್ನೇ ತರಬೇಕು, ಎರಡು ಬದಿ ರಬ್ಬರ್ ಸೀಲ್ ಇರುವುದನ್ನೇ ಕೇಳಿ. ಒಳಗಿನ ಗೇರುಗಳು ಬಹುಪಾಲು ನೈಲಾನ್. ಅವಕ್ಕೆ ಪ್ಲಾಸ್ಟಿಕ್ ಗೇರಿಗೆ ಒಗ್ಗುವ ಗ್ರೀಸ್ ತೆಳ್ಳಗೆ ಸವರಬೇಕು, ಕ್ಲಚ್ಚಿಗೆ ಗ್ರೀಸ್ ತುಂಬಿದರೆ ಅದು ಹಿಡಿಯದೆ ಜಾರುತ್ತದೆ. ಅಭ್ಯಾಸವಿಲ್ಲದವರು ಇದಕ್ಕೆ ಕೈಹಾಕದಿರುವುದೇ ಲೇಸು.

ಇಲ್ಲಿಗೆ ನಿಲ್ಲಿಸಿ, ಸೈಕಲ್ ಓಡಿಸಬೇಡಿ

ಹಬ್ ಕೈ ಇಡಲಾರದಷ್ಟು ಬಿಸಿಯಾದರೆ, ಸುಟ್ಟ ವಾಸನೆ ಬಂದರೆ, ಎಕ್ಸೆಲ್ ಬಳಿ ಫ್ರೇಮ್ ಬಿರುಕು ಬಿಟ್ಟಿದ್ದರೆ, ಚಕ್ರ ಓಡುವಾಗ ಒಮ್ಮೆಯಾದರೂ ಗಕ್ಕನೆ ಕಚ್ಚಿಕೊಂಡಿದ್ದರೆ ತಳ್ಳಿಕೊಂಡೇ ಹೋಗಿ. ಬ್ಯಾಟರಿ ಊದಿದ್ದರೆ, ನೀರಿನಲ್ಲಿ ಮುಳುಗಿದ್ದರೆ, ಅದರ ಪಿನ್ನುಗಳು ಕಪ್ಪಾಗಿ ಸುಟ್ಟಿದ್ದರೆ ಚಾರ್ಜಿಗೆ ಹಾಕಲೇಬೇಡಿ. ಒಣಗಿದ ಮೇಲೂ ಬೇಡ. ಮನೆಯ ಹೊರಗೆ, ಕಟ್ಟಿಗೆ ರಾಶಿ, ಅಡಿಕೆ ಸಿಪ್ಪೆಯಿಂದ ದೂರ ಇಟ್ಟು ಮಾರಿದವರಿಗೆ ತಿಳಿಸಿ. ಲಿಥಿಯಂ ಸೆಲ್‌ಗಳು ಗಂಟೆಗಳ ನಂತರವೂ ಹೊತ್ತಿಕೊಳ್ಳುತ್ತವೆ.

25ರ ಮಿತಿಯನ್ನೇ ತೆಗೆಸಿಬಿಟ್ಟರೆ ಭಾರದ ಗೋಜೇ ಇರುವುದಿಲ್ಲ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ತೆಗೆಸಿದ ದಿನದಿಂದ ಅದು ಕಾನೂನಿನ ಕಣ್ಣಿನಲ್ಲಿ ಸೈಕಲ್ ಆಗಿ ಉಳಿಯುವುದಿಲ್ಲ. ಆಗ ನೋಂದಣಿ, ವಿಮೆ, ಲೈಸೆನ್ಸ್, ಹೆಲ್ಮೆಟ್ ಎಲ್ಲ ಬೇಕು, ಅಪಘಾತವಾದರೆ ಹೊಣೆ ಸವಾರನ ಮೇಲೆ ಬರಬಹುದು. ಬ್ರೇಕ್, ಕಡ್ಡಿ, ಫೋರ್ಕ್ ಯಾವುದನ್ನೂ ಆ ವೇಗಕ್ಕೆಂದು ಕಟ್ಟಿರುವುದಿಲ್ಲ. ಬ್ರೇಕ್ ಸವರುತ್ತಿದ್ದರೆ ಮಿತಿ ತೆಗೆದ ಮೇಲೂ ಸವರುತ್ತಲೇ ಇರುತ್ತದೆ.

ಅಂಗಡಿಗೆ ಒಯ್ಯುವಾಗ

‘ಭಾರ ಇದೆ’ ಎಂದಷ್ಟೇ ಹೇಳಿದರೆ ಮೆಕ್ಯಾನಿಕ್ ಮೊದಲಿಂದ ಹುಡುಕಬೇಕು. ಪವರ್ ಆಫ್ ಇದ್ದಾಗ ಹೇಗಿದೆ, ಚಕ್ರ ಎತ್ತಿ ತಿರುಗಿಸಿದಾಗ ಮುಂದಕ್ಕೆ ಹೇಗೆ, ಹಿಂದಕ್ಕೆ ಹೇಗೆ, ಕನೆಕ್ಟರ್ ಬಿಡಿಸಿದಾಗ ಏನಾಯಿತು, ಟೈರಿನಲ್ಲಿ ಎಷ್ಟು ಪಿಎಸ್‌ಐ ಇತ್ತು, ಭಾರ ಶುರುವಾದದ್ದು ಪಂಕ್ಚರ್ ನಂತರವೋ ಮಳೆಯಲ್ಲಿ ನೆನೆದ ನಂತರವೋ ಎಂಬುದನ್ನು ಚೀಟಿಯಲ್ಲಿ ಬರೆದು ಕೊಡಿ. ಹಬ್ಬಿನ ಮೇಲೆ ಕೊರೆದಿರುವ ನಂಬರಿನ ಫೋಟೊವನ್ನೂ ಮೊದಲೇ ಕಳುಹಿಸಿ. ನಮ್ಮ ಕಡೆ ಬಿಡಿಭಾಗಗಳು ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ಬರಬೇಕು, ತಪ್ಪು ಭಾಗ ಬಂದರೆ ಸೈಕಲ್ ಇನ್ನೊಂದು ವಾರ ಅಂಗಡಿಯಲ್ಲೇ ನಿಲ್ಲುತ್ತದೆ.